ಪುರಿಗೆ ಏಳದ ಮೀನು

ನೀರಿಗೆ ಮೊದಲು ಥರ್ಮಾಮೀಟರ್ ಇಳಿಸಬೇಕು, ಆಮೇಲೆ ಕಾಲು. ಬೇಸಿಗೆಯಲ್ಲಿ ಟ್ರೌಟ್ ಮೀನು ಹಿಡಿಸುವ ಗೈಡ್ ಆಗಲು ಹೊರಟವರಿಗೆ ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟೇ. ಉಳಿದದ್ದನ್ನು ನದಿ ಹೇಳಿಕೊಡುತ್ತದೆ. ಕೇಳಿಸಿಕೊಳ್ಳದಿದ್ದರೆ ಬೀಳಿಸಿ ಹೇಳಿಕೊಡುತ್ತದೆ.

ನಮ್ಮ ಕನ್ನಡ ಸಂಘದ ಸಂಚಿಕೆಗೆ ನಿವೃತ್ತರಿಂದ ವೃತ್ತಿಯ ಅನುಭವ ಬರೆಸುತ್ತಿದ್ದಾರೆ. ಸಂಪಾದಕರು ಕೇಳಿದ್ದು ನನ್ನ ಡೇಟಾ ಸೆಂಟರ್ ಕೆಲಸದ ಬಗ್ಗೆ. ಸ್ಟರ್ಲಿಂಗ್ ಎಂಬ ಊರಿನಲ್ಲಿ, ಕಿಟಕಿಯಿಲ್ಲದ ಕಟ್ಟಡದೊಳಗೆ, ಯಂತ್ರಗಳು ಬಿಸಿಯಾಗದಂತೆ ಕಾಯುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ಅದರ ಬಗ್ಗೆ ಬರೆಯಲು ನನ್ನಲ್ಲಿ ಒಂದು ಪುಟವೂ ಇಲ್ಲ. 2020ರಲ್ಲಿ ಅದನ್ನು ಬಿಟ್ಟು ಉತ್ತರ ಕೆರೊಲಿನಾದ ಪಶ್ಚಿಮದ ಬೆಟ್ಟಗಳಿಗೆ ಬಂದು, ಮುಂದಿನ ಕೆಲವು ಬೇಸಿಗೆಗಳಲ್ಲಿ ಮೀನು ಹಿಡಿಸುವ ಗೈಡ್ ಆಗಿದ್ದೆ, ಅದನ್ನು ಬರೆಯುತ್ತೇನೆ ಎಂದೆ. ಅವರು, "ಮೇಡಂ, ನಮ್ಮ ರೀಡರ್ಸ್‌ನಲ್ಲಿ ತುಂಬಾ ಜನ ವೆಜಿಟೇರಿಯನ್ಸು" ಎಂದರು. ನಾನೂ ಎಂದೆ.

ಇನ್ನೊಂದು ಮಾತನ್ನೂ ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ನೀರಿನೊಳಗಿನ ಮೀನು ನಮಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ಬೆಳಕು ಬಾಗಿ ಬರುವುದರಿಂದ ಅದು ಕಂಡದ್ದಕ್ಕಿಂತ ಆಳದಲ್ಲಿರುತ್ತದೆ. ಇಲ್ಲಿ ಬರೆಯುವುದನ್ನೆಲ್ಲ ಆ ಲೆಕ್ಕ ಹಿಡಿದು ಓದಬೇಕು. ವಿಶೇಷವಾಗಿ, ಯಾವುದಾದರೂ ಘಟನೆ ತೀರ ಚೆನ್ನಾಗಿ ಮುಗಿದಂತೆ ಕಂಡರೆ.

ಕೆಲಸ ಏನು ಎಂಬುದು. ಗರಿ, ದಾರ, ಮೊಲದ ತುಪ್ಪಳಗಳನ್ನು ಸಣ್ಣ ಗಾಳದ ಸುತ್ತ ಕಟ್ಟಿ ಹುಳುವಿನಂತೆ ಮಾಡುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು. ಉದ್ದನೆಯ ಬಳುಕುವ ಕೋಲಿನಿಂದ ಅದನ್ನು ಬೀಸಿ ಹರಿವ ನೀರಿನ ಮೇಲೆ ಇಳಿಸಬೇಕು. ನಿಜವಾದ ಹುಳು ಬಿದ್ದಿದೆಯೆಂದು ಮೀನು ನಂಬಬೇಕು. ನಂಬಿದರೆ ಮೇಲೆ ಬರುತ್ತದೆ. ಹಿಡಿದ ಮೀನನ್ನು ನೀರಿನಲ್ಲಿಯೇ ಬಿಡಿಸಿ ಕಳಿಸಬೇಕು. ಗೈಡ್ ಆದವಳು ಕೋಲು ಹಿಡಿಯುವಂತಿಲ್ಲ. ಗಿರಾಕಿಯ ಪಕ್ಕದಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು, ಅವರಿಗೆ ಕಾಣದ ಮೀನನ್ನು ಅವರ ಪರವಾಗಿ ನೋಡಬೇಕು. ನನ್ನ ಕೆಲಸ ನೋಡುವುದಾಗಿತ್ತು. ಬಡ್ತಿ ಎಂದರೆ ದಡದಿಂದ ನದಿಯ ನಡುವಿನವರೆಗೆ.

ನನ್ನ ಮೇಲಧಿಕಾರಿ ಲೊರೆಟ್ಟಾ. ನದಿಯ ತಿರುವಿನಲ್ಲಿ ಅವಳ ಅಂಗಡಿಯಿತ್ತು. ಕೋಲು, ಬೂಟು, ಫ್ಲೈಗಳನ್ನು ಮಾರುತ್ತಿದ್ದಳು, ಗೈಡ್‌ಗಳನ್ನು ಕಳಿಸುತ್ತಿದ್ದಳು. ಆ ಬೆಟ್ಟದಲ್ಲೇ ಹುಟ್ಟಿ ಬೆಳೆದವಳು. ನಾನು ಕೆಲಸ ಕೇಳಲು ಹೋದಾಗ ಮೀನು ಹಿಡಿಯಲು ಬರುತ್ತದೆಯೇ ಎಂದು ಅವಳು ಕೇಳಲಿಲ್ಲ. ಹಿಂದೆ ಏನು ಮಾಡುತ್ತಿದ್ದೆ ಎಂದಳು. ಶಾಖ ನೋಡುತ್ತಿದ್ದೆ ಎಂದೆ. ಅಷ್ಟು ಸಾಕಾಯಿತು. ಟ್ರೌಟ್ ತಣ್ಣೀರಿನ ಜೀವಿ. ನೀರು ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದಕ್ಕೆ ಉಸಿರು ಸಾಲದು. ಆಗ ಗಾಳಕ್ಕೆ ಸಿಕ್ಕಿ ಒದ್ದಾಡಿದ ಮೀನನ್ನು ಬಿಟ್ಟರೂ ಅದು ಈಜಿಕೊಂಡು ಹೋಗಿ, ನಮ್ಮ ಕಣ್ಣಿಗೆ ಬೀಳದ ಕಡೆ ಸಾಯುತ್ತದೆ. ಮೊದಲು ನದಿಯನ್ನು ಕೇಳು, ಆಮೇಲೆ ಗಿರಾಕಿಯನ್ನು ಎಂದು ಲೊರೆಟ್ಟಾ ಹೇಳಿದ್ದಳು. ಡಿಗ್ರಿ ದಾಟಿದ ದಿನ ಯಾರೇ ಬಂದಿದ್ದರೂ, ಎಷ್ಟೇ ದೂರದಿಂದ ಬಂದಿದ್ದರೂ, ಗಾಳ ನೀರಿಗೆ ಇಳಿಯುವಂತಿಲ್ಲ.

ಮೊದಲ ವರ್ಷದ ನನ್ನ ತಪ್ಪುಗಳನ್ನು ಬರೆದರೆ ಸಂಚಿಕೆ ತುಂಬುತ್ತದೆ. ಹಳದಿ ಮಳೆಕೋಟು ತೊಟ್ಟು ನಿಂತು ಇಡೀ ಮಡುವನ್ನೇ ಬೆದರಿಸಿದ್ದೆ. ಬೆಳಿಗ್ಗೆ ಸೂರ್ಯನಿಗೆ ಬೆನ್ನು ಮಾಡಿದರೆ ನಮ್ಮ ನೆರಳು ನಮಗಿಂತ ಮೊದಲು ಮೀನಿನ ಬಳಿ ಹೋಗುತ್ತದೆ ಎಂಬುದು ತಿಳಿಯಲು ಒಂದು ತಿಂಗಳು ಬೇಕಾಯಿತು. ಸ್ಟರ್ಲಿಂಗ್‌ನಿಂದ ಹಳೆಯ ಪರಿಚಯದ ಒಬ್ಬ ಬಂದಿದ್ದ. ವರ್ಕ್ ಫ್ರಂ ಹೋಂ ಕಾಲ. ರಜೆ ಹಾಕದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನ್ ಹತ್ತುವ ಅಂಗಡಿಯ ಬಳಿ ನದಿಯ ನಡುವೆ ನಿಂತೇ ಮೀಟಿಂಗ್ ಅಟೆಂಡ್ ಮಾಡುತ್ತಿದ್ದ. ಸರಿಯಾಗಿ ಅವನು ಮಾತಾಡುವ ಸರದಿ ಬಂದಾಗ ಮೀನು ಎಳೆಯಿತು. ಅವನು "ಬಂತು, ಬಂತು, ಬಿಡಬೇಡಿ ಅಕ್ಕ" ಎಂದದ್ದು ಮ್ಯಾನೇಜರಿಗೆ ಕೇಳಿಸಿತು. ಮ್ಯಾನೇಜರ್ ಧಾರವಾಡದವರಂತೆ. ಎಷ್ಟು ದೊಡ್ಡದದ ಎಂದು ಅವರು ಕೇಳಿದರೆಂದು ಅವನು ಹೇಳುತ್ತಾನೆ. ನನಗೆ ಕೇಳಿಸಿದ್ದು ನೀರಿನ ಸದ್ದು ಮಾತ್ರ.

ಇನ್ನು ಡಾಕ್ಟರ ವಿಷಯ. ನಾನು ಬರೆಯಲು ಕೂತದ್ದೇ ಅವರಿಗಾಗಿ.

ಡಾಕ್ಟರ್ ವಾಸುದೇವಮೂರ್ತಿ ಮತ್ತು ಅವರ ಹೆಂಡತಿ ಶಾರದಾ ಆಂಟಿ ಎಲಿಕಾಟ್ ಸಿಟಿಯವರು. ಮೈಸೂರಿನಿಂದ ಅರವತ್ತರ ದಶಕದ ಕೊನೆಯಲ್ಲಿ ಬಂದವರು. ಡಾಕ್ಟರು ಜೀವಮಾನವಿಡೀ ಸರ್ಜನ್ ಆಗಿದ್ದರು. ನಿವೃತ್ತರಾದ ಮೇಲೆ, ಹೊಲಿಗೆ ಹಾಕುತ್ತಿದ್ದ ಕೈಗೆ ಕೆಲಸ ಬೇಕೆಂದು ಮನೆಯಲ್ಲಿ ಫ್ಲೈ ಕಟ್ಟಲು ಕಲಿತಿದ್ದರು. ಇಬ್ಬರೂ ಮೊಟ್ಟೆಯನ್ನೂ ಮುಟ್ಟದವರು. 2022ರ ಬೇಸಿಗೆಯಲ್ಲಿ ಮೊದಲ ಸಲ ಬಂದರು. ಆಂಟಿ ಮಡಚುವ ಕುರ್ಚಿ ಹಾಕಿಕೊಂಡು ದಡದ ಮೇಲೆ ಕೂತರು. ಡಾಕ್ಟರು ನನ್ನ ಜೊತೆ ನೀರಿಗಿಳಿದರು. ಇಳಿಯುವ ಮೊದಲೇ ಬಲಗೈ ತೋರಿಸಿದರು. ನಡುಗುತ್ತಿತ್ತು.

"ಪಾರ್ಕಿನ್ಸನ್ಸ್ ಶುರುವಾಗಿದೆ. ನೀನು ಹೆದರ್ಕೋಬೇಡ. ಸುಮ್ನೆ ಇದ್ರೆ ನಡುಗತ್ತೆ, ಕೆಲ್ಸ ಕೊಟ್ರೆ ನಿಲ್ಲತ್ತೆ. ನಮ್ಮ ಆಸ್ಪತ್ರೆ ಅಡ್ಮಿನಿಸ್ಟ್ರೇಷನ್ನವರಿಗೆ ಉಲ್ಟಾ."

ನಿಜವೇ. ಕೋಲು ಬೀಸುವಾಗ ಕೈ ನೆಟ್ಟಗಿರುತ್ತಿತ್ತು. ಫ್ಲೈ ನೀರಿಗೆ ಬಿದ್ದು, ಅದು ತೇಲಿಕೊಂಡು ಬರುವವರೆಗೆ ಕಾಯಬೇಕಲ್ಲ, ಆಗ ಕೈಗೆ ಕೆಲಸವಿಲ್ಲ. ಆಗ ನಡುಕ ಕೋಲಿಗೆ ಹತ್ತಿ, ಕೋಲಿನಿಂದ ದಾರಕ್ಕೆ ಇಳಿಯುತ್ತಿತ್ತು. ಫ್ಲೈ ನೀರಿನ ಜೊತೆ ಸುಮ್ಮನೆ ತೇಲಬೇಕು, ಅಲುಗಿದರೆ ಮೀನಿಗೆ ಅನುಮಾನ ಬರುತ್ತದೆ. ಇದು ಈ ಕೆಲಸದ ಮೊದಲ ಪಾಠ. ಎಲ್ಲ ಗೈಡ್‌ಗಳೂ ಇದನ್ನೇ ಕಲಿಸುತ್ತಾರೆ.

ಆ ದಿನ ಮಧ್ಯಾಹ್ನ ಆಂಟಿ ಒಂದು ಕೆಲಸ ಮಾಡಿದರು. ಬುತ್ತಿಯ ಚೀಲದಿಂದ ಪುರಿ ತೆಗೆದು, ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಹಾಕುವ ಹಾಗೆ, ಎರಡು ಹಿಡಿ ಮಡುವಿಗೆ ಎರಚಿದರು. ನಾನು ಕೈ ಎತ್ತಿ ಬೇಡ ಬೇಡ ಎನ್ನುವಷ್ಟರಲ್ಲಿ ಆಗಿಹೋಗಿತ್ತು. ನದಿಗೆ ಹಾಗೆ ಆಹಾರ ಎರಚಬಾರದು. ಆದರೆ ನಂತರ ಆದದ್ದನ್ನು ನಾನು ಬಾಯಿ ತೆರೆದು ನೋಡುತ್ತ ನಿಂತೆ. ಎಲ್ಲೆಲ್ಲಿಂದಲೋ ಮೀನುಗಳು ಮುತ್ತಿದವು. ನೀರು ಕುದಿದಂತಾಯಿತು. ಸಾಕುಕೇಂದ್ರದಲ್ಲಿ ಗುಳಿಗೆ ತಿಂದು ಬೆಳೆದು, ಟ್ರಕ್ಕಿನಲ್ಲಿ ಬಂದು ನದಿಗೆ ಬಿದ್ದ ಟ್ರೌಟ್‌ಗಳು ಅವು. ಮೇಲಿನಿಂದ ಬಿದ್ದದ್ದೆಲ್ಲ ಊಟ ಎಂದು ತಿಳಿದವು.

ಎದುರು ದಡದಲ್ಲಿ ಒಂದು ಚಪ್ಪಡಿ ಬಂಡೆ ನೀರಿನ ಮೇಲೆ ಚಾಚಿಕೊಂಡಿತ್ತು. ಅದರ ಕೆಳಗೆ ಒಂದು ನೆರಳು ಅಲುಗಲಿಲ್ಲ. ನಾನು ಅದನ್ನು ಅಷ್ಟು ದಿನ ಮುಳುಗಿದ ಮರದ ದಿಮ್ಮಿ ಎಂದುಕೊಂಡಿದ್ದೆ. ಸುತ್ತ ಅಷ್ಟು ಗಲಭೆಯಾಗುತ್ತಿದ್ದಾಗ ಅದು ಬಾಲವನ್ನು ಒಮ್ಮೆ, ಬಹಳ ನಿಧಾನವಾಗಿ, ಆಡಿಸಿತು. ನದಿಯಲ್ಲಿಯೇ ಹುಟ್ಟಿದ ಬ್ರೌನ್ ಟ್ರೌಟ್. ಒಂದು ಮೊಳಕ್ಕಿಂತ ಉದ್ದ. ಒಂದು ಪುರಿ ಅದರ ಮೂಗಿನ ಮೇಲೆಯೇ ತೇಲಿ ಹೋಯಿತು. ಅದು ನೋಡಲೂ ಇಲ್ಲ. ದೇವಸ್ಥಾನದಲ್ಲಿ ಮಂಗಳಾರತಿಯ ಗಂಟೆ ನಿಂತ ಮೇಲೆ ಇರುತ್ತದಲ್ಲ, ಅಂಥ ಮೌನ ಆ ಬಂಡೆಯ ಕೆಳಗಿತ್ತು.

ಡಾಕ್ಟರು ಮೆಲ್ಲಗೆ, "ಸುಕನ್ಯಾ, ಅದು ಬರ್ಬೇಕು. ನಾನು ಕಟ್ಟಿದ್ದಕ್ಕೆ. ಈ ಕೈ ಕೋಲು ಹಿಡಿಯೋದು ನಿಲ್ಸೋದ್ರೊಳಗೆ" ಎಂದರು.

ಅಲ್ಲಿಂದ ನಮ್ಮ ಮೂವರ ನಡುವೆ ಬೇರೆ ವಿಷಯವೇ ಇರಲಿಲ್ಲ. ಉಳಿದ ಮೀನುಗಳು ಅವರಿಗೆ ಬೇಡವಾದವು.

ಮರುವರ್ಷ ಮತ್ತೆ ಬಂದರು. ಡಾಕ್ಟರ ಕೈ ಇನ್ನಷ್ಟು ಸೋತಿತ್ತು. ಫ್ಲೈ ಕಟ್ಟಲು ಈಗ ಇಡೀ ಚಳಿಗಾಲ ಬೇಕಾಗುತ್ತಿತ್ತಂತೆ. ತಂದಿದ್ದ ಫ್ಲೈಗಳು ಕ್ಯಾಡಿಸ್ ಹುಳುವಿನಂಥವು. ಕಂದು ರೆಕ್ಕೆಯನ್ನು ಗುಡಾರದಂತೆ ಮಡಚಿಕೊಳ್ಳುವ, ಬೇಸಿಗೆಯ ನದಿಯ ಮೇಲೆ ಹಾರುವ ಪುಟ್ಟ ಹುಳು ಅದು. ನಡುಕ ನಿಲ್ಲಿಸಲು ನಾನು ಎಲ್ಲ ಉಪಾಯ ಮಾಡಿದೆ. ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿಯಲು ಹೇಳಿದೆ. ಎಡಗೈಯಿಂದ ಬಲ ಮಣಿಕಟ್ಟು ಹಿಡಿಯಲು ಹೇಳಿದೆ. ಕೊನೆಗೆ ನಾನೇ ಅವರ ಮಣಿಕಟ್ಟು ಹಿಡಿದು ನಿಂತೆ. ದಡದಿಂದ ಆಂಟಿ, "ಪಾಣಿಗ್ರಹಣ ಮುಗೀತಾ? ಅಕ್ಷತೆ ಹಾಕ್ಲಾ?" ಎಂದರು. ಫ್ಲೈ ಅಲುಗದೆ, ನಾನು ಕಲಿಸಿದಂತೆ, ಅಚ್ಚುಕಟ್ಟಾಗಿ ಬಂಡೆಯ ಪಕ್ಕ ತೇಲಿ ಹೋಯಿತು. ಎಷ್ಟೋ ಸಲ. ಮೀನು ಏಳಲಿಲ್ಲ.

ಸಂಜೆ ಹಿಂತಿರುಗುವಾಗ ಆಂಟಿ ಕಾರಿನಲ್ಲಿ ಕೇಳಿದ್ದು ನನಗೆ ಇವತ್ತಿಗೂ ನಾಟಿದೆ. "ತಿನ್ನೋರಾದ್ರೆ ಹೊಟ್ಟೆಗೆ ಅಂತ ಹಿಡೀತಾರೆ. ನೀವಿಬ್ರೂ ಯಾವ ಹೊಟ್ಟೆಗೆ ಅದರ ಬಾಯಿಗೆ ಮುಳ್ಳು ಚುಚ್ಚೋಕೆ ಹೊರಟಿದೀರಿ?" ಗೇರ್ ಇಲ್ಲದ ಕಾರಿನಲ್ಲಿ ನಾನು ಗೇರ್ ಹುಡುಕಿದೆ.

ಈ ಕೆಲಸಕ್ಕೆ ಬರುವವರು ಆ ಪ್ರಶ್ನೆಗೆ ತಯಾರಾಗಿ ಬನ್ನಿ. ಬಿಟ್ಟುಬಿಡುತ್ತೇವಲ್ಲ ಎನ್ನುವುದು ಉತ್ತರವಲ್ಲ.

2024ರ ಜುಲೈ ಕೊನೆ. ಮಳೆ ಬಾರದೆ ನದಿ ಸೊರಗಿತ್ತು. ಇಬ್ಬರೂ ಹಿಂದಿನ ದಿನವೆಲ್ಲ ಡ್ರೈವ್ ಮಾಡಿಕೊಂಡು ಬಂದಿದ್ದರು. ಮಾಡಿದ್ದು ಆಂಟಿ. ಡಾಕ್ಟರಿಗೆ ಈಗ ಸ್ಟಿಯರಿಂಗ್ ಕೊಡುತ್ತಿರಲಿಲ್ಲ. ಬೆಳಿಗ್ಗೆ ಮಡುವಿನ ಬಳಿ ಬಂದು ನಾನು ಥರ್ಮಾಮೀಟರ್ ಇಳಿಸಿ ಕಾದೆ. ಅರವತ್ತೊಂಬತ್ತು. ಬಂಡೆಯ ಬುಡದಲ್ಲಿ ತಣ್ಣನೆಯ ಒರತೆಯೊಂದಿದೆ, ಮೀನು ಅಲ್ಲಿ ಹೇಗೋ ಇದ್ದೀತು. ಆದರೆ ಗಾಳಕ್ಕೆ ಸಿಕ್ಕಿ ಬಿಸಿನೀರಿಗೆ ಬಂದು ಒದ್ದಾಡಿದರೆ ಉಳಿಯುವುದಿಲ್ಲ. ಆ ಕಣಿವೆಯಲ್ಲಿ ಫೋನ್ ಹತ್ತುವುದಿಲ್ಲ. ಲೊರೆಟ್ಟಾಳನ್ನು ಕೇಳಬಹುದಾಗಿದ್ದರೂ ಅವಳು ಹೇಳುವುದು ನನಗೆ ಗೊತ್ತಿತ್ತು.

ಇವತ್ತು ಆಗುವುದಿಲ್ಲ ಎಂದೆ.

"ಒಂದು ಡಿಗ್ರಿ ಅಲ್ವೇನಮ್ಮ" ಎಂದರು ಡಾಕ್ಟರು. ಅವರು ಯಾರ ಬಳಿಯೂ ಏನನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ. "ಬರೋ ವರ್ಷ ಈ ಕೈಲಿ ಚಮಚ ಹಿಡಿದ್ರೆ ಹೆಚ್ಚು."

"ಡಾಕ್ಟ್ರೇ, ಒಂದು ಡಿಗ್ರಿ ಜ್ವರ ಅಂತ ನೀವು ಆಪರೇಷನ್ ಮುಂದಕ್ಕೆ ಹಾಕಿದ್ದಿಲ್ವಾ?"

ಅವರು ದಡದ ಒಂದು ಕಲ್ಲಿನ ಮೇಲೆ ಕೂತರು. ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. ಅದನ್ನು ನೋಡದಿರಲು ನಾನು ನೀರನ್ನು ನೋಡಿದೆ. ನೆರಳು ಅಲ್ಲೇ ಇತ್ತು. ಮೂರು ಬೇಸಿಗೆ ಅದೇ ಜಾಗದಲ್ಲಿ, ನಮ್ಮ ಯಾವ ಕಷ್ಟವೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ.

ಆಂಟಿ ಕುರ್ಚಿಯಿಂದ ಎದ್ದು ಬಂದು ಫ್ಲೈ ಡಬ್ಬಿ ಕೈಗೆತ್ತಿಕೊಂಡರು. "ಈ ಮುಳ್ಳನ್ನ ಕತ್ತರಿಸಿಬಿಟ್ರೆ ಏನಾಗತ್ತೆ?"

"ಕಟ್ ಮಾಡಿದ್ರೆ ಮೀನು ಸಿಗಲ್ಲ ಆಂಟಿ."

"ಸಿಗೋದು ಯಾರಿಗೆ ಬೇಕಿತ್ತು? ಎರಡು ವರ್ಷದಿಂದ ಇವ್ರು ನನ್ನ ತಲೆ ತಿಂತಿರೋದು ಅದು ಬರ್ಬೇಕು ಅಂತ. ಸಿಗ್ಬೇಕು ಅಂತ ಯಾವತ್ತೂ ಅಂದಿಲ್ಲ."

ಡಾಕ್ಟರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ನಕ್ಕರು. ನನ್ನ ಕೊರಳಿನ ದಾರದಲ್ಲಿ ತೂಗುತ್ತಿದ್ದ ಕಟಿಂಗ್ ಪ್ಲೇಯರನ್ನು ಆಂಟಿಯೇ ಬಿಚ್ಚಿಕೊಂಡು, ಹುರುಳಿಕಾಯಿಯ ತುದಿ ಮುರಿಯುವಷ್ಟು ಸಲೀಸಾಗಿ, ಗಾಳದ ಬಾಗನ್ನು ಟಕ್ಕೆಂದು ಕತ್ತರಿಸಿದರು. ಉಳಿದದ್ದು ಬರೀ ಗರಿ ಕಟ್ಟಿದ ಒಂದು ಕಡ್ಡಿ. ಚುಚ್ಚಲು ಏನೂ ಇಲ್ಲದ ಕಡ್ಡಿಯಿಂದ ನದಿಗೆ ಯಾವ ಕೇಡೂ ಇಲ್ಲ. ಲೊರೆಟ್ಟಾಳಿಗೆ ಆಮೇಲೆ ಹೇಳಿದಾಗ ಅವಳು, ಗಾಳವಿಲ್ಲದಿದ್ದರೆ ಅದು ಮೀನು ಹಿಡಿಯುವುದಲ್ಲ, ಅದಕ್ಕೆ ಬೇರೆ ಹೆಸರಿರಬೇಕು, ತನಗೆ ಗೊತ್ತಿಲ್ಲ ಎಂದಳು.

ಮೀನು ಸಿಗುವ ಮಾತೇ ಇಲ್ಲವಾದ್ದರಿಂದ ನಾನು ಅವರ ಮಣಿಕಟ್ಟು ಹಿಡಿಯಲಿಲ್ಲ. ಮೊಣಕೈ ಒತ್ತಿ ಎನ್ನಲಿಲ್ಲ. ತುಸು ದೂರದಲ್ಲಿ ಕೈಕಟ್ಟಿ ನಿಂತೆ. ಅವರು ಬೀಸಿದರು. ಫ್ಲೈ ಬಂಡೆಗಿಂತ ಸ್ವಲ್ಪ ಮೇಲೆ ಬಿತ್ತು. ಬಿದ್ದ ಮೇಲೆ ಕೈಗೆ ಕೆಲಸ ಮುಗಿಯಿತು. ನಡುಕ ಬಂತು. ಕೋಲಿನ ತುದಿ ಅದುರಿ, ದಾರ ಅದುರಿ, ನೀರಿನ ಮೇಲೆ ಆ ಕಂದು ಗರಿ ಪಟಪಟ ಎಂದಿತು. ತನ್ನ ಸುತ್ತ ಸಣ್ಣ ಸಣ್ಣ ಉಂಗುರ ಬಿಡುತ್ತ, ಒಂದು ಹೆಣ್ಣು ಕ್ಯಾಡಿಸ್ ನೀರಿಗೆ ಹೊಟ್ಟೆ ತಾಗಿಸಿ ಮೊಟ್ಟೆಯಿಡುವಾಗ ಮಾಡುವಂತೆಯೇ, ಅದು ತಡವರಿಸುತ್ತ ಬಂಡೆಯ ಅಂಚಿಗೆ ಬಂತು.

ನೆರಳು ಬಂಡೆಯಿಂದ ಬೇರ್ಪಟ್ಟಿತು.

ಅದು ಅವಸರ ಮಾಡಲಿಲ್ಲ. ನೆಲವೇ ಮೇಲೇಳುತ್ತಿರುವಂತೆ ಎದ್ದಿತು. ಮೊದಲು ಬಣ್ಣವಿರಲಿಲ್ಲ, ಆಮೇಲೆ ಬೆಣ್ಣೆ ಕಾಯಿಸಿದಾಗಿನ ಹಳದಿ, ಅದರ ಮೇಲೆ ಕೆಂಪು ಬೊಟ್ಟುಗಳು, ಪ್ರತಿ ಬೊಟ್ಟಿನ ಸುತ್ತ ತಿಳಿನೀಲಿ ಬಳೆ. ಫ್ಲೈ ಕೆಳಗೆ ಬಂದು ನಿಂತು ನೋಡಿತು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಬಾಯಿ ತೆರೆದಾಗ ಒಳಗೆ ಬೆಳ್ಳಗೆ ಕಂಡಿತು. ನೀರು ಒಂದು ಗುಳಿಯಾಗಿ ಒಳಕ್ಕೆ ಸರಿಯಿತು, ಫ್ಲೈ ಇರಲಿಲ್ಲ. ಡಾಕ್ಟರು ಕೋಲೆತ್ತಲಿಲ್ಲ. ದಾರ ಒಂದು ಗೇಣು ಮುಂದೆ ಹೋಯಿತು, ನಿಂತಿತು. ಆಮೇಲೆ ಮೀನು, ಬಾಯಿಗೆ ಬಂದ ಕಲ್ಲನ್ನು ನಾವು ಉಗಿಯುವಂತೆ, ಫ್ಲೈಯನ್ನು ಉಗಿದು ತನ್ನ ಬಂಡೆಯ ಕೆಳಗೆ ಹೋಯಿತು. ಉಂಗುರ ದೊಡ್ಡದಾಗುತ್ತ ಬಂದು ನಮ್ಮ ಮೂವರ ಕಾಲಿಗೆ ತಾಗಿತು. ಆಂಟಿ ಯಾವಾಗಲೋ ಸೀರೆಯ ಸಮೇತ ನೀರಿಗಿಳಿದಿದ್ದರು.

ಇದನ್ನು ಬರೆದು ಓದಿದಾಗ ನನಗೆ ಅನುಮಾನ ಹುಟ್ಟುತ್ತದೆ. ಹಿಂದಿನ ವರ್ಷ ನಾನು ಹಿಡಿದು ನಿಲ್ಲಿಸಿದ ನಡುಕವೇ ಮೀನನ್ನು ಕರೆಯಿತು ಎನ್ನುವುದು ಕಥೆಗೆ ಬಹಳ ಅನುಕೂಲವಾಗಿದೆ. ಬದುಕು ಅಷ್ಟು ಅನುಕೂಲ ಮಾಡಿಕೊಡುವುದನ್ನು ನಾನು ಹೆಚ್ಚು ಕಂಡಿಲ್ಲ. ಆ ವರ್ಷವೇ ಇಬ್ಬರಿಗೂ ಫೋನ್ ಮಾಡಿ ಕೇಳಿದ್ದೆ. ಕೈ ನಡುಗುತ್ತಿದ್ದದ್ದು ಡಾಕ್ಟರಿಗೆ ನೆನಪಿಲ್ಲ. ಮೀನು ಎಡಗಡೆಯಿಂದ ಬಂತು ಎನ್ನುತ್ತಾರೆ. ನಾನು ಕಂಡದ್ದು ನೇರ ಕೆಳಗಿನಿಂದ. ಆಂಟಿಯ ಪ್ರಕಾರ ಗಂಡನ ಕೈ ಅವತ್ತು ನಡುಗಲೇ ಇಲ್ಲ. ತಾವು ಮೀನನ್ನು ನೋಡಿಯೇ ಇಲ್ಲವಂತೆ, ನೋಡುತ್ತಿದ್ದದ್ದು ಗಂಡನ ಮುಖವನ್ನಂತೆ. ಹಾಗಿದ್ದರೆ ಕೈ ಹೇಗೆ ಕಂಡಿತು ಎಂದು ನಾನು ಕೇಳಲಿಲ್ಲ.

ಹೋಗಿ ನೋಡಿ ತೀರ್ಮಾನಿಸಲು ಜಾಗವೂ ಉಳಿಯಲಿಲ್ಲ. ಆ ಸೆಪ್ಟೆಂಬರಿನಲ್ಲಿ ಚಂಡಮಾರುತದ ಮಳೆಗೆ ನದಿ ಬೆಟ್ಟಗಳನ್ನೇ ಕಿತ್ತುಕೊಂಡು ಹರಿದದ್ದು ನಿಮಗೆಲ್ಲ ಗೊತ್ತಿದೆ. ಲೊರೆಟ್ಟಾಳ ಅಂಗಡಿಯ ಜಾಗದಲ್ಲಿ ಈಗ ಮರಳಿದೆ. ಅವಳು ಬದುಕಿದಳು, ತಂಗಿಯ ಮನೆ ಸೇರಿದಳು. ಬರುವಾಗ ಥರ್ಮಾಮೀಟರ್ ಮಾತ್ರ ಜೇಬಿನಲ್ಲಿತ್ತು ಎಂದು ನಕ್ಕಳು. ನನ್ನ ಮಂಡಿಯೂ ಸೋತಿತ್ತು. ನಾನು ನಿವೃತ್ತಳಾದೆ ಎನ್ನುವುದಕ್ಕಿಂತ ಕೆಲಸವೇ ಕೊಚ್ಚಿಹೋಯಿತು ಎನ್ನಬೇಕು.

ಕಳೆದ ಬೇಸಿಗೆ, 2025ರಲ್ಲಿ, ಇಬ್ಬರೂ ಬಂದರು. ಕೋಲು ತಂದಿರಲಿಲ್ಲ. ಡಾಕ್ಟರ ಕೈಯ ಬಗ್ಗೆ ಅವರೇ ಹೇಳಿದ್ದ ಭವಿಷ್ಯ ನಿಜವಾಗಿತ್ತು. ಹಾದಿ ಇದ್ದಷ್ಟು ದೂರ ಹೋದೆವು. ಚಪ್ಪಡಿ ಬಂಡೆಯಿಲ್ಲ, ಮಡುವಿಲ್ಲ. ಬಿಳಿ ಕಲ್ಲುಗಳ ಬಯಲಿನಲ್ಲಿ ನದಿ ತನಗೆ ಬೇಕಾದ ಹೊಸ ಜಾಗದಲ್ಲಿ ಹರಿಯುತ್ತಿತ್ತು. ಇಲ್ಲೇ ಇದ್ದದ್ದು ಎಂದು ನಾನು ಒಂದು ಕಡೆ ತೋರಿಸಿದೆ, ಡಾಕ್ಟರು ಇನ್ನೊಂದು ಕಡೆ. ಆಂಟಿ ಪುರಿಯ ಚೀಲ ತೆಗೆದು, ನನ್ನ ಮುಖ ನೋಡಿ, ಒಳಗಿಟ್ಟರು.

ಅಭ್ಯಾಸ ಬಿಡದು. ಥರ್ಮಾಮೀಟರ್ ಇಳಿಸಿದೆ. ಅರವತ್ತೆರಡು. ಒಳ್ಳೆಯ ನೀರು.

"ಎಷ್ಟಿದೆ?" ಎಂದರು ಡಾಕ್ಟರು. ಹೇಳಿದೆ. ಅವರು ಒಂದು ಕಲ್ಲಿನ ಮೇಲೆ ಕಷ್ಟಪಟ್ಟು ಕೂತು, ರೋಗಿಯ ಹಣೆ ಮುಟ್ಟುವಂತೆ, ಬೆರಳ ತುದಿಯನ್ನು ನೀರಿಗೆ ತಾಗಿಸಿದರು. ಕೈಗೆ ಕೆಲಸವಿರಲಿಲ್ಲ. ಬೆರಳಿನ ಸುತ್ತ ಸಣ್ಣ ಸಣ್ಣ ಉಂಗುರಗಳು ಎದ್ದವು, ಒಂದರ ಹಿಂದೆ ಒಂದು, ನಿಲ್ಲದೆ. ಕಲ್ಲುಗಳ ನಡುವಿನಿಂದ ಕಡ್ಡಿಯಷ್ಟು ಸಣ್ಣ ಟ್ರೌಟ್ ಒಂದು ಹೊರಬಂತು. ಪ್ರವಾಹದ ನಂತರ ಹುಟ್ಟಿದ್ದು. ಉಂಗುರಗಳ ಕೆಳಗೆ ನಿಂತು ಮೇಲೆ ನೋಡಿತು. ಆಮೇಲೆ ಎದ್ದು ಬಂದು ಆ ಬೆರಳಿನ ತುದಿಯನ್ನು ಒಮ್ಮೆ ಬಾಯಿಯಲ್ಲಿ ಹಿಡಿದು, ಬಿಟ್ಟು, ಹೋಯಿತು.

ಡಾಕ್ಟರು ಕೈ ತೆಗೆಯಲಿಲ್ಲ. ಆಂಟಿಯ ಕಡೆ ತಿರುಗಿ, "ಯಾವ ಕಡೆಯಿಂದ ಬಂತು, ಹೇಳು" ಎಂದರು.

"ಕೆಳಗಡೆಯಿಂದ" ಎಂದರು ಆಂಟಿ. "ಈ ಸಲ ನಾನೂ ನೋಡ್ದೆ."